ಫರಸಿ ಮೇಲಿನ ಎಣ್ಣೆ ಕಲೆ: ಅಂಬಾಸಿಡರ್ ಗೇರ್ ಬಾಕ್ಸ್ ಸೋರಿಕೆ ಹಿಡಿದು ನಿಲ್ಲಿಸುವುದು ಹೇಗೆ

ಹಳೆ ಗಾಡಿ ಇಟ್ಟುಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮನೆ ಮುಂದೆ ಅಂಬಾಸಿಡರ್ ನಿಲ್ಲಿಸುವ ಜಾಗದಲ್ಲಿ, ಫರಸಿ ಮೇಲೆ ದಿನಾ ಎಣ್ಣೆ ಬೀಳುತ್ತದೆ. ಗೇರ್ ಬಾಕ್ಸ್ ಸೀಲ್ ಬದಲಿಸಿ ತಿಂಗಳೂ ಆಗಿಲ್ಲ, ಮತ್ತೆ ಶುರು. ಈಗೇನು ಮಾಡಲಿ?" ಆಳಂದದಿಂದ, ಸೇಡಂನಿಂದ, ಇಲ್ಲೇ ಕಲಬುರಗಿ ಸ್ಟೇಷನ್ ರಸ್ತೆಯಿಂದ, ಎಲ್ಲ ಕಡೆಯಿಂದಲೂ ಇದೇ ಮಾತು.

ಬಹಳ ಸಲ ಆಗಿರುವುದು ಇಷ್ಟೇ: ಸೋರಿದ್ದು ಒಂದು ಕಡೆ, ಬದಲಿಸಿದ್ದು ಇನ್ನೊಂದು ಕಡೆ. ಇಲ್ಲವೇ ಸೀಲ್, ಅಂದರೆ ತಿರುಗುವ ಶಾಫ್ಟ್ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ, ಹಾಳಾಗಲು ಕಾರಣವಾದದ್ದನ್ನು ಹಾಗೇ ಬಿಟ್ಟು, ಸೀಲ್ ಮಾತ್ರ ಹೊಸದು ಹಾಕಿದ್ದಾರೆ. ಅದಕ್ಕೇ ಈ ಲೇಖನದ ಅರ್ಧ ಭಾಗ ಪಾನಾ ಮುಟ್ಟುವ ಮುಂಚಿನ ಕೆಲಸದ ಬಗ್ಗೆ ಇದೆ. ಬೇಸರ ಮಾಡಿಕೊಳ್ಳಬೇಡಿ. ದುಡ್ಡು ಉಳಿಯುವುದು ಅಲ್ಲೇ.

ನಾನು ಮುಖ್ಯವಾಗಿ ಹೇಳುತ್ತಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್‌ನ, ಸ್ಟೇರಿಂಗ್ ಪಕ್ಕದಲ್ಲಿ ಗೇರ್ ಇರುವ ಹಳೆ ಅಂಬಾಸಿಡರ್ ಬಗ್ಗೆ. ಪದ್ಮಿನಿ ಅಥವಾ ಹಳೆ ಜೀಪ್ ಇದ್ದವರಿಗೂ ಹುಡುಕುವ ರೀತಿ ಇದೇ. ಭಾಗಗಳ ಜಾಗ, ಬೋಲ್ಟ್ ಅಳತೆ ಬೇರೆ ಇರುತ್ತವೆ. ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರ ಮೇನಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮ ಗುಲಬರ್ಗಾ ಕಲಬುರಗಿ ಆಯಿತು. ಅಂದರೆ ಕಟ್ಟಕಡೆಯ ಗಾಡಿಯ ರಬ್ಬರ್‌ಗೂ ಹತ್ತು ವರ್ಷ ದಾಟಿದೆ. ನಿಮ್ಮದು ಎಂಬತ್ತರ ದಶಕದ್ದಾದರೆ ಸುಮ್ನೆ ಊಹಿಸಿಕೊಳ್ಳಿ.

ಎಣ್ಣೆ ಹೊರಬರುವ ಬಾಗಿಲುಗಳು

ಗೇರ್ ಬಾಕ್ಸ್ ಅಂದರೆ ಹಲ್ಲಿನ ಚಕ್ರಗಳು ಎಣ್ಣೆಯಲ್ಲಿ ಅರ್ಧ ಮುಳುಗಿ ತಿರುಗುವ ಒಂದು ಪೆಟ್ಟಿಗೆ. ಎಣ್ಣೆ ಹೊರಬರಲು ಕೆಲವೇ ದಾರಿಗಳಿವೆ. ಮುಂದೆ ಕ್ಲಚ್ ಕಡೆಗೆ ಶಾಫ್ಟ್ ಹೋಗುವ ಜಾಗ. ಹಿಂದೆ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆ ಕೊಳವೆ, ಸೇರುವ ಜಾಗ. ಗೇರ್ ಬದಲಿಸುವ ಸಣ್ಣ ಶಾಫ್ಟ್ ಪೆಟ್ಟಿಗೆಯೊಳಗೆ ಹೋಗುವ ಜಾಗ. ಸ್ಪೀಡೋಮೀಟರ್ ಕೇಬಲ್ ಸಿಕ್ಕಿಸಿರುವ ಜಾಗ. ಮುಚ್ಚಳಗಳ ಪ್ಯಾಕಿಂಗ್, ಅಂದರೆ ಸಂದಿಯಲ್ಲಿ ಕೂರಿಸುವ ಹಾಳೆ. ಎಣ್ಣೆ ಹಾಕುವ, ತೆಗೆಯುವ ಪ್ಲಗ್‌ಗಳು. ಕೊನೆಗೆ ಬ್ರೀದರ್. ಪೆಟ್ಟಿಗೆ ಉಸಿರಾಡಲು ಬಿಟ್ಟ ಸಣ್ಣ ತೂತು ಇದು. ಇದರ ಕಡೆ ಯಾರೂ ನೋಡುವುದಿಲ್ಲ, ನಮ್ಮ ಧೂಳಿನ ಊರಿನಲ್ಲಿ ಜಾಸ್ತಿ ತೊಂದರೆ ಕೊಡುವುದು ಇದೇ.

ಕೈಯಲ್ಲಿ ಏನಿರಬೇಕು

ಇಂಚಿನ ಅಳತೆಯ ಪಾನಾ ಸೆಟ್ ಮೊದಲು ಬೇಕು. ಅಂಬಾಸಿಡರ್ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಹಳೆ ಗಾಡಿಯ ಬೋಲ್ಟ್‌ಗಳು ಇಂಚಿನವು. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದಕ್ಕೆ 13ರ ಪಾನಾ ಹಾಕಿದರೆ ಮೊದಲ ಸಲ ತಿರುಗುತ್ತದೆ, ಮೂರನೇ ಸಲ ಬೋಲ್ಟ್ ತಲೆ ಗುಂಡಗಾಗುತ್ತದೆ. 9/16 ಇಂಚು 14.29 ಮಿ.ಮೀ., ಅದಕ್ಕೆ 14ರದು ಕೂರುವುದೇ ಇಲ್ಲ. ಮೇಲಾಗಿ ಇಷ್ಟು ವರ್ಷದಲ್ಲಿ ಯಾರ್ಯಾರೋ ಯಾವ್ಯಾವುದೋ ಬೋಲ್ಟ್ ಹಾಕಿರುತ್ತಾರೆ. ಹಾಗಾಗಿ ಎರಡೂ ಸೆಟ್ ಹತ್ತಿರ ಇರಲಿ. ಪದ್ಮಿನಿಯವರಿಗೆ ಮಿ.ಮೀ. ಸೆಟ್ ಸಾಕು.

ಜತೆಗೆ ಒಳ್ಳೆ ಜಾಕ್, ಕಬ್ಬಿಣದ ನಾಲ್ಕು ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡಲು ಮರದ ತುಂಡು, ಅಗಲವಾದ ಟ್ರೇ, ಡೀಸೆಲ್ ಇಲ್ಲವೇ ಚಿಮಣಿ ಎಣ್ಣೆ, ಗಟ್ಟಿ ಬ್ರಷ್, ಹಳೆ ಧೋತರದ ಬಟ್ಟೆ, ಟಾರ್ಚ್, ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ, ಪ್ಯಾಕಿಂಗ್ ಹಾಳೆ, ಸಿಲಿಕಾನ್ ಪೇಸ್ಟ್. ಪೌಡರ್ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ, ಇದನ್ನು ದಾಟಿ ಮುಂದೆ ಹೋಗಬೇಡಿ. ನಮ್ಮ ಕಡೆ ಎಲ್ಲರ ಮನೆ ಹಿತ್ತಲಲ್ಲೂ ನಾಲ್ಕು ಶಹಾಬಾದ್ ಕಲ್ಲು ಬಿದ್ದಿರುತ್ತವೆ. ಅವನ್ನೇ ಒಂದರ ಮೇಲೊಂದು ಪೇರಿಸಿ ಗಾಡಿಗೆ ಆಸರೆ ಕೊಡುವ ಚಟ ಇದೆ. ಶಹಾಬಾದ್ ಕಲ್ಲು ಪದರ ಪದರವಾದ ಸುಣ್ಣದ ಕಲ್ಲು. ನೆಲಕ್ಕೆ ಹಾಸಿದರೆ ನೂರು ವರ್ಷ ಬರುತ್ತದೆ, ಆದರೆ ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಹೇಳದೆ ಕೇಳದೆ ಸೀಳುತ್ತದೆ. ಸಿಮೆಂಟ್ ಇಟ್ಟಿಗೆಯೂ ಹಾಗೇ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೂ ನುಸುಳಬೇಡಿ. ಸ್ಟ್ಯಾಂಡ್ ಇಲ್ಲವೇ? ಗುಂಡಿ ಇರುವ ಸರ್ವಿಸ್ ಸ್ಟೇಷನ್‌ನಲ್ಲಿ ಎರಡು ಗಂಟೆ ಜಾಗ ಕೇಳಿ.

ಹಂತ 1: ಯಾವ ಎಣ್ಣೆ ಅಂತ ಗುರುತಿಸಿ

ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಕೆಳಗೆ ದೊಡ್ಡ ಬಿಳಿ ರಟ್ಟು ಹಾಸಿ. ರಟ್ಟಿನ ಮೇಲೆ ಮುಂದಿನ ಚಕ್ರ ಎಲ್ಲಿದೆ, ಹಿಂದಿನ ಚಕ್ರ ಎಲ್ಲಿದೆ ಅಂತ ಪೆನ್ನಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ರಟ್ಟು ಎಳೆದು ನೋಡಿ.

ಗೇರ್ ಎಣ್ಣೆ ಜೇನಿನಂತೆ ದಪ್ಪ. ಬೆರಳಿಗೆ ಹಚ್ಚಿ ಮೂಸಿದರೆ ಗಂಧಕದ ಘಾಟು, ಕೆಟ್ಟ ಬೆಳ್ಳುಳ್ಳಿ ವಾಸನೆ ಇದ್ದ ಹಾಗೆ. ಒಂದು ಸಲ ಮೂಸಿದವರು ಮರೆಯುವುದಿಲ್ಲ. ಎಂಜಿನ್ ಎಣ್ಣೆ ಕಪ್ಪು, ತೆಳು, ಸುಟ್ಟ ವಾಸನೆ. ಬ್ರೇಕ್ ಅಥವಾ ಕ್ಲಚ್ ಎಣ್ಣೆ ನೀರಿನ ಹಾಗೆ ತೆಳು, ಬಣ್ಣದ ಮೇಲೆ ಬಿದ್ದರೆ ಪೇಂಟ್ ಎಬ್ಬಿಸುತ್ತದೆ. ಆದರೆ ಒಂದು ಗೊಂದಲ ಇದೆ. ಕೆಲವರು ಗೇರ್ ಬಾಕ್ಸ್‌ಗೂ ಎಂಜಿನ್ ಎಣ್ಣೆಯನ್ನೇ ಹಾಕಿರುತ್ತಾರೆ. ಅಂಥ ಗಾಡಿಯಲ್ಲಿ ಮೂಗು ನಂಬಬೇಡಿ, ಬಣ್ಣ ನೋಡಿ. ಗೇರ್ ಬಾಕ್ಸ್‌ನಲ್ಲಿ ಏನೂ ಉರಿಯುವುದಿಲ್ಲ, ಹಾಗಾಗಿ ಅಲ್ಲಿನ ಎಣ್ಣೆ ಎಂಜಿನ್‌ನದರಷ್ಟು ಬೇಗ ಕಪ್ಪಾಗುವುದಿಲ್ಲ.

ಕಲೆ ಹಿಂದಿನ ಚಕ್ರಗಳ ನಡುವೆ ಇದ್ದರೆ ಅದು ಗೇರ್ ಬಾಕ್ಸ್ ಅಲ್ಲವೇ ಅಲ್ಲ. ಅದು ಡಿಫರೆನ್ಶಿಯಲ್, ಹಿಂದಿನ ಚಕ್ರಗಳ ನಡುವಿನ ಹಲ್ಲುಚಕ್ರದ ಪೆಟ್ಟಿಗೆ, ನಮ್ಮ ಮಿಸ್ತ್ರಿಗಳು ಹೌಸಿಂಗ್ ಅನ್ನುವುದು. ಅದರಲ್ಲೂ ಇದೇ ಥರದ ಘಾಟಿನ ಎಣ್ಣೆ ಇರುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ.

ಹಂತ 2: ತೊಳೆದು, ಪೌಡರ್ ಹಾಕಿ, ಓಡಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಎಲ್ಲರೂ ಬಿಡುವ ಹಂತವೂ ಇದೇ.

ನಮ್ಮ ಎರೆ ಮಣ್ಣಿನ ಧೂಳು, ವಾಡಿ ಸೇಡಂ ಕಡೆ ಓಡಾಡುವವರಿಗೆ ಸಿಮೆಂಟ್ ಧೂಳು, ಎಣ್ಣೆ ಜತೆ ಕೂಡಿ ಗೇರ್ ಬಾಕ್ಸ್ ಮೇಲೆ ಬೆರಳು ದಪ್ಪದ ರಾಡಿ ಕೂತಿರುತ್ತದೆ. ಅದರ ಕೆಳಗೆ ಎಲ್ಲಿಂದ ಸೋರುತ್ತಿದೆ ಅಂತ ಹೇಳಲು ದೇವರಿಗೂ ಆಗುವುದಿಲ್ಲ. ಮೊದಲು ಅದನ್ನು ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಆಮೇಲೆ ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆಯಿರಿ, ಸೋಪಿನ ನೀರು ಹಾಕಿ, ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಪೆಟ್ರೋಲ್ ಬಳಸಬೇಡಿ. ಗಾಡಿ ಕೆಳಗಿನ ಇಕ್ಕಟ್ಟಿನಲ್ಲಿ ಅದರ ಆವಿ ನಿಲ್ಲುತ್ತದೆ, ಒಂದು ಕಿಡಿ ಸಾಕು. ಪ್ರೆಷರ್ ನೀರಿನ ಪೈಪನ್ನು ಬ್ರೀದರ್ ಕಡೆ, ಸೀಲ್ ಕಡೆ ಹಿಡಿಯಬೇಡಿ. ನೀರು ಒಳಗೆ ಹೋಗುತ್ತದೆ.

ಪೂರ್ತಿ ಒಣಗಿದ ಮೇಲೆ ಗೇರ್ ಬಾಕ್ಸ್ ಮೇಲೆಲ್ಲ ಮುಖದ ಪೌಡರ್ ತೆಳ್ಳಗೆ ಉದುರಿಸಿ. ರಂಗೋಲಿ ಪುಡಿ ಬೇಡ. ಅದು ಕಲ್ಲಿನ ಪುಡಿ, ಸೀಲ್ ತುಟಿಗೆ, ಅಂದರೆ ಶಾಫ್ಟ್ ಮೇಲೆ ಉಜ್ಜುವ ಅದರ ಒಳಂಚಿಗೆ, ಸೇರಿದರೆ ಉಪ್ಪುಕಾಗದದ ಹಾಗೆ ಶಾಫ್ಟ್ ಸವೆಸುತ್ತದೆ.

ಈಗ ರಿಂಗ್ ರೋಡ್ ಒಂದು ಸುತ್ತು ಹಾಕಿ, 15-20 ಕಿ.ಮೀ. ಆಗಲಿ. ಎಣ್ಣೆ ಬಿಸಿಯಾಗಬೇಕು. ಬಂದ ಕೂಡಲೇ ಟಾರ್ಚ್ ಹಿಡಿದು ನೋಡಿ. ಒದ್ದೆಯಾದ ಜಾಗ ಪೌಡರ್ ಮೇಲೆ ಹಳದಿ ಗೆರೆಯಾಗಿ ಎದ್ದು ಕಾಣುತ್ತದೆ.

ಓದುವ ಸೂತ್ರ ಇದು. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ. ಹನಿ ತೊಟ್ಟಿಕ್ಕುವ ಜಾಗ ಮೂಲವಲ್ಲ. ಮೇಲಿನ ಮುಚ್ಚಳ ಸೋರಿ, ಪಕ್ಕದಲ್ಲಿ ಇಳಿದು, ಹಿಂದಿನ ಸೀಲ್ ಹತ್ತಿರ ತೊಟ್ಟಿಕ್ಕುತ್ತದೆ. ಮಿಸ್ತ್ರಿ ಕೆಳಗಿನಿಂದ ನೋಡಿ "ಹಿಂದಿನ ಸೀಲ್ ಹೋಗಿದೆ" ಅನ್ನುತ್ತಾರೆ. ಇಷ್ಟೇ ಕತೆ.

ಕಂಡದ್ದನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಒಂದೇ ಸಲಕ್ಕೆ ಗೊತ್ತಾಗದಿದ್ದರೆ ಒರೆಸಿ, ಮತ್ತೆ ಪೌಡರ್ ಹಾಕಿ, ಇನ್ನೊಂದು ಸುತ್ತು ಹೋಗಿಬನ್ನಿ.

ಹಂತ 3: ಬ್ರೀದರ್ ಮತ್ತು ಎಣ್ಣೆ ಮಟ್ಟ

ಬಿಸಿಯಾದರೆ ಗಾಳಿ ಹಿಗ್ಗುತ್ತದೆ. ಪೆಟ್ಟಿಗೆಯೊಳಗಿನ ಗಾಳಿಗೆ ಹೋಗಲು ಬ್ರೀದರ್ ಒಂದೇ ದಾರಿ. ಅದು ಮುಚ್ಚಿಹೋದರೆ ಒತ್ತಡ ಏರಿ, ಚೆನ್ನಾಗಿರುವ ಸೀಲ್‌ನಿಂದಲೂ ಎಣ್ಣೆ ನೂಕಿಕೊಂಡು ಬರುತ್ತದೆ. ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು, ಕೆಳಗೆ ಕಾದ ಡಾಂಬರು, ಹುಮನಾಬಾದ್ ರಸ್ತೆಯಲ್ಲಿ ಒಂದು ಗಂಟೆ ಓಡಿಸಿದರೆ ಏನಾಗಬಹುದು ನೀವೇ ನೋಡಿ. ಹೊಸ ಸೀಲ್ ಹಾಕಿದರೂ ತಿಂಗಳಲ್ಲಿ ಮತ್ತೆ ಸೋರುವ ಗಾಡಿಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಇದರ ಮೇಲೆ.

ಪರೀಕ್ಷೆ ಸುಲಭ. ಓಡಿಸಿ ಬಂದ ಕೂಡಲೇ ಎಣ್ಣೆ ಹಾಕುವ ಪ್ಲಗ್ ಮೆಲ್ಲಗೆ ಸಡಿಲಿಸಿ. ಕೈಗೆ ಬಟ್ಟೆ ಸುತ್ತಿಕೊಳ್ಳಿ, ಬಿಸಿ ಇರುತ್ತದೆ. ಬುಸ್ ಅಂತ ಗಾಳಿ ಬಂದರೆ ಬ್ರೀದರ್ ಮುಚ್ಚಿದೆ ಅಂತಲೇ ಅರ್ಥ. ಬ್ರೀದರ್ ಸಾಮಾನ್ಯವಾಗಿ ಪೆಟ್ಟಿಗೆಯ ಮೇಲ್ಭಾಗದಲ್ಲಿ ಇರುತ್ತದೆ. ಸುತ್ತಲಿನ ರಾಡಿ ಮೊದಲು ತೆಗೆದು, ಬಿಚ್ಚಲು ಬಂದರೆ ಬಿಚ್ಚಿ ಡೀಸೆಲ್‌ನಲ್ಲಿ ನೆನೆಸಿ ಊದಿ. ಬಿಚ್ಚಲು ಬಾರದ ಬರೀ ತೂತಾಗಿದ್ದರೆ ತೆಳು ತಂತಿಯಿಂದ ಬಿಡಿಸಿ, ಕಸ ಒಳಗೆ ಬೀಳದ ಹಾಗೆ. ಹಿಂದಿನ ಹೌಸಿಂಗ್‌ಗೂ ಒಂದು ಬ್ರೀದರ್ ಇದೆ, ಅದನ್ನೂ ಇದೇ ದಿನ ಮುಗಿಸಿ.

ಆಮೇಲೆ ಮಟ್ಟ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ ನೋಡಿ. ಕೆಲವು ಪೆಟ್ಟಿಗೆಗಳಲ್ಲಿ ಪಕ್ಕದ ಪ್ಲಗ್ ತೂತಿನ ಅಂಚೇ ಮಟ್ಟ. ಕೆಲವಕ್ಕೆ ಒಳಗಿನಿಂದ, ಕಾಲ್ಮ್ಯಾಟ್ ಎತ್ತಿದರೆ ಅಳತೆ ಕಡ್ಡಿ ಸಿಗುತ್ತದೆ. "ಸೋರುತ್ತಿದೆ, ಒಂದಿಷ್ಟು ಜಾಸ್ತಿನೇ ಇರಲಿ" ಅಂತ ಮಟ್ಟಕ್ಕಿಂತ ಮೇಲೆ ತುಂಬಿಸಿದರೆ ಆ ಜಾಸ್ತಿ ಎಣ್ಣೆಯೇ ಸೋರುತ್ತದೆ.

ಇವೆರಡು ಸರಿ ಮಾಡಿ ಒಂದು ವಾರ ಗಾಡಿ ಓಡಿಸಿ. ನಿಂತರೆ ನಿಂತಿತು, ಲೇಖನ ಇಲ್ಲಿಗೇ ಬಿಡಬಹುದು.

ಹಂತ 4: ಎಣ್ಣೆ ತೆಗೆಯುವುದು

ಎಣ್ಣೆ ಹಾಕುವ ಪ್ಲಗ್ ಮೊದಲು ಬಿಚ್ಚಿ, ತೆಗೆಯುವ ಪ್ಲಗ್ ಆಮೇಲೆ. ಈ ಕ್ರಮ ತಪ್ಪಬೇಡಿ. ಕೆಳಗಿನಿಂದ ಎಲ್ಲ ಖಾಲಿ ಮಾಡಿ, ಮೇಲಿನ ಪ್ಲಗ್ ಜಂಗು ಹಿಡಿದು ತಿರುಗದಿದ್ದರೆ ಗಾಡಿ ನಿಂತಲ್ಲೇ ನಿಂತಿತು.

ಎಣ್ಣೆ ಬೆಚ್ಚಗಿದ್ದಾಗ ತೆಗೆದರೆ ಪೂರ್ತಿ ಇಳಿಯುತ್ತದೆ. ಎಷ್ಟು ಬಂತು ಅಂತ ಅಳೆದು ಬರೆದಿಡಿ. ಬೆರಳಿನಿಂದ ತಳದ ರಾಡಿ ತಿಕ್ಕಿ ನೋಡಿ. ಬೂದು ಬಣ್ಣದ ನಯವಾದ ಪೇಸ್ಟ್ ಇದ್ದರೆ ಮಾಮೂಲು. ಚಿನ್ನದ ಬಣ್ಣದ ಚೂರು ಮಿಂಚಿದರೆ ಸಿಂಕ್ರೋ ರಿಂಗ್, ಅಂದರೆ ಗೇರ್ ಬೀಳುವಾಗ ವೇಗ ಹೊಂದಿಸುವ ಹಿತ್ತಾಳೆ ಬಳೆ, ಸವೆಯುತ್ತಿದೆ. ಉಕ್ಕಿನ ಚೂರು, ಹಲ್ಲಿನ ತುಂಡು ಸಿಕ್ಕರೆ ಸೋರಿಕೆಯ ಚಿಂತೆ ಬಿಡಿ, ಪೆಟ್ಟಿಗೆ ಬಿಚ್ಚಿಸಿ. ಎಣ್ಣೆ ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮರದ ಹೊಟ್ಟು ಕಂಡರೆ ನಗಬೇಡಿ. ಸದ್ದು ಮಾಡುವ ಗೇರ್ ಬಾಕ್ಸ್ ಮಾರುವ ಮುಂಚೆ ಹೊಟ್ಟು ತುಂಬುವುದು ಬಹಳ ಹಳೆ ವಿದ್ಯೆ.

ಹಂತ 5: ಸುಲಭದ ಸೋರಿಕೆಗಳು

ಪ್ಲಗ್: ಕೆಳಗಿನ ವಾಷರ್ ತಾಮ್ರದ್ದಾದರೆ ಬಿಸಾಡಬೇಡಿ. ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ ಆರಲು ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ, ಚೆನ್ನಾಗಿ ಕೂರುತ್ತದೆ. ಅಲ್ಯುಮಿನಿಯಂ ವಾಷರ್‌ಗೆ ಇದು ಮಾಡಬೇಡಿ, ಕರಗಿ ಹೋಗುತ್ತದೆ. ಸೋರುತ್ತಿದೆ ಅಂತ ಪ್ಲಗ್‌ಗೆ ಪೈಪ್ ಹಾಕಿ ಬಿಗಿದರೆ ಮರೆ, ಅಂದರೆ ಸ್ಕ್ರೂ ಸುತ್ತು, ಹೋಗುತ್ತದೆ. ಆಮೇಲೆ ಲೇತ್‌ನವರ ಮುಂದೆ ನಿಲ್ಲಬೇಕು.

ಸ್ಪೀಡೋಮೀಟರ್ ಕೇಬಲ್: ಪೆಟ್ಟಿಗೆಯ ಹಿಂಭಾಗದಲ್ಲಿ ಸಣ್ಣ ಹಲ್ಲುಚಕ್ರದ ಜತೆ ಕೂತಿರುತ್ತದೆ. ಇಲ್ಲಿನ ಪುಟ್ಟ ಸೀಲ್ ಹೋದರೆ ಎಣ್ಣೆ ಕೇಬಲ್ ಒಳಗಿನ ತಂತಿಯನ್ನು ಹಿಡಿದು ಮೇಲೇರುತ್ತದೆ. ಮೀಟರ್ ಗಾಜಿನ ಒಳಗೆ ಎಣ್ಣೆ ಮಬ್ಬು ಕಂಡವರು ಮೀಟರ್ ರಿಪೇರಿಗೆ ಕೊಡುವ ಮುಂಚೆ ಇಲ್ಲಿ ನೋಡಿ.

ಗೇರ್ ಬದಲಿಸುವ ಶಾಫ್ಟ್: ಒಳಗೆ ಸೀಲ್ ಇಲ್ಲವೇ ರಬ್ಬರ್ ರಿಂಗ್ ಇರುತ್ತದೆ. ಬದಲಿಸುವುದು ಕಷ್ಟವಲ್ಲ. ಆದರೆ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಗಡಗಡ ಅಂದರೆ ತೂತೇ ಸವೆದಿದೆ. ಲೇತ್‌ನಲ್ಲಿ ಬುಷ್, ಅಂದರೆ ತೂತಿನೊಳಗೆ ಕೂರುವ ಲೋಹದ ಬಳೆ, ಹಾಕಿಸದೆ ಯಾವ ರಿಂಗೂ ನಿಲ್ಲುವುದಿಲ್ಲ.

ಮುಚ್ಚಳದ ಪ್ಯಾಕಿಂಗ್: ಇಲ್ಲಿ ಆಗುವ ತಪ್ಪುಗಳಿಗೆ ಲೆಕ್ಕವಿಲ್ಲ. ಹಳೆ ಪ್ಯಾಕಿಂಗ್ ತೆಗೆಯಲು ಉಳಿ ಬಳಸಿ ಲೋಹದ ಮೇಲೆ ಗೀರು ಮಾಡುತ್ತಾರೆ. ಆ ಗೀರೇ ಮುಂದೆ ಎಣ್ಣೆಗೆ ಕಾಲುವೆ. ಥಿನ್ನರ್‌ನಲ್ಲಿ ನೆನೆಸಿ, ಮೊಂಡು ಬ್ಲೇಡ್ ಮಲಗಿಸಿ ಹಿಡಿದು ಕೆರೆಯಿರಿ. ಹೊಸ ಪ್ಯಾಕಿಂಗ್ ಕತ್ತರಿಸಲು ಹಾಳೆಯನ್ನು ಪೆಟ್ಟಿಗೆ ಮೇಲಿಟ್ಟು ಅಂಚಿಗೆ ಸುತ್ತಿಗೆಯಿಂದ ತಟ್ಟುವುದು ನಮ್ಮಲ್ಲಿ ರೂಢಿ. ಪೆಟ್ಟಿಗೆ ಅಲ್ಯುಮಿನಿಯಂ ಆಗಿದ್ದರೆ ಅಂಚು ಮಡಚಿಹೋಗುತ್ತದೆ. ಅದರ ಬದಲು ಮುಚ್ಚಳದ ಅಂಚಿಗೆ ಎಣ್ಣೆ ಸವರಿ ಹಾಳೆ ಮೇಲೆ ಮುದ್ರೆ ಒತ್ತಿ, ಕತ್ತರಿಯಲ್ಲಿ ಕತ್ತರಿಸಿ.

ಮುಚ್ಚಳ ಸಪಾಟಾಗಿದೆಯೇ ಅಂತ ಕಿಟಕಿ ಗಾಜಿನ ಮೇಲಿಟ್ಟು ನೋಡಿ. ಅಲ್ಲಾಡಿದರೆ ಗಾಜಿನ ಮೇಲೆ ನಯ ಉಪ್ಪುಕಾಗದ ಹಾಸಿ ಎಂಟರ ಆಕಾರದಲ್ಲಿ ತಿಕ್ಕಿ. ಸಿಲಿಕಾನ್ ಪೇಸ್ಟ್ ತೆಳ್ಳಗೆ, ರೊಟ್ಟಿಗೆ ಬೆಣ್ಣೆ ಸವರಿದಷ್ಟು ಸಾಕು. ದಪ್ಪ ಹಚ್ಚಿದರೆ ಒಳಕ್ಕೆ ಹಿಸುಕಿಕೊಂಡು ಬಂದು, ತುಂಡಾಗಿ, ಬೇರಿಂಗ್‌ಗೆ ಎಣ್ಣೆ ಹೋಗುವ ದಾರಿ ಮುಚ್ಚುತ್ತದೆ. ಬೋಲ್ಟ್‌ಗಳನ್ನು ಒಂದೇ ಕಡೆಯಿಂದ ಬಿಗಿಯದೆ, ಎದುರು ಬದಿರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪೇಸ್ಟ್ ಒಣಗಲು ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಆಮೇಲೆ ಎಣ್ಣೆ ಹಾಕಿ.

ಎಮ್‌-ಸೀಲ್‌ನಿಂದ ಹೊರಗೆ ಮೆತ್ತುವ ಕೆಲಸ ಮಾಡಬೇಡಿ. ಎಣ್ಣೆಯ ಜಾಗಕ್ಕೆ ಅದು ಹಿಡಿಯುವುದೂ ಇಲ್ಲ, ಮುಂದೆ ಬಿಚ್ಚುವವರಿಗೆ ಉಳಿ ಹಿಡಿಯುವ ಗತಿ.

ಹಂತ 6: ಹಿಂದಿನ ಸೀಲ್

ಪೌಡರ್ ಪರೀಕ್ಷೆಯಲ್ಲಿ ಒದ್ದೆ ಇಲ್ಲಿಂದಲೇ ಶುರುವಾಗಿದ್ದರೆ ಮಾತ್ರ ಈ ಹಂತ.

ಮೊದಲು ಪ್ರೊಪೆಲ್ಲರ್ ಶಾಫ್ಟ್‌ನ ಮುಂದಿನ ತುದಿ ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಪೆಟ್ಟಿಗೆ ಒಳಗಿನ ಬುಷ್ ಅಥವಾ ಬೇರಿಂಗ್ ಸವೆದಿದ್ದರೆ ಶಾಫ್ಟ್ ನಡುಗುತ್ತದೆ, ನಡುಗುವ ಶಾಫ್ಟ್ ಹೊಸ ಸೀಲ್‌ನ ತುಟಿ ಅಗಲಿಸುತ್ತದೆ. ಯೂಜೆ ಕ್ರಾಸ್, ಅಂದರೆ ಶಾಫ್ಟ್ ಬಾಗಲು ಇರುವ ಕೂಡು, ಅದನ್ನೂ ತಿರುಚಿ ನೋಡಿ. ಗೇರ್ ಬಾಕ್ಸ್ ಕೂತಿರುವ ರಬ್ಬರ್ ಮೌಂಟಿಂಗ್ ಕುಸಿದಿದ್ದರೆ ಅದನ್ನೂ ಬದಲಿಸಿ. ಇವನ್ನು ಬಿಟ್ಟು ಸೀಲ್ ಮಾತ್ರ ಹಾಕಿದರೆ ಮುಂದಿನ ಶರಣಬಸವೇಶ್ವರ ಜಾತ್ರೆ ಒಳಗೆ ಮತ್ತೆ ಇದೇ ಕೆಲಸ.

ಶಾಫ್ಟ್ ಬಿಚ್ಚುವ ಮುಂಚೆ ಕೂಡುವ ಎರಡೂ ಭಾಗದ ಮೇಲೆ ಪೇಂಟ್‌ನಿಂದ ಒಂದು ಗೆರೆ ಎಳೆಯಿರಿ. ತಿರುಗಿ ಹಾಕುವಾಗ ಗೆರೆಗೆ ಗೆರೆ ಸೇರಬೇಕು. ಇಲ್ಲದಿದ್ದರೆ 60ರ ವೇಗದಲ್ಲಿ ಗಾಡಿ ನಡುಗುತ್ತದೆ. ಶಾಫ್ಟ್ ಪೆಟ್ಟಿಗೆಯೊಳಕ್ಕೆ ಜಾರಿಕೊಂಡು ಹೋಗುವ ಬಗೆಯದಾದರೆ, ಎಣ್ಣೆ ಪೂರ್ತಿ ತೆಗೆಯದೆ ಎಳೆದಾಗ ಅದು ನಿಮ್ಮ ಮುಖಕ್ಕೇ ಬರುತ್ತದೆ.

ಹಳೆ ಸೀಲ್ ಕೀಳಲು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಅದು ಕೂತಿರುವ ಗೂಡಿನ ಗೋಡೆಗೆ ಗೀರು ಬೀಳುತ್ತದೆ. ಸೀಲ್‌ನ ತಗಡಿನ ಭಾಗಕ್ಕೆ ಎದುರು ಬದಿರು ಎರಡು ಸಣ್ಣ ಸ್ಕ್ರೂ ಹಾಕಿ, ಪಕ್ಕಡದಿಂದ ಸ್ವಲ್ಪ ಸ್ವಲ್ಪ ಎಳೆಯಿರಿ.

ಸೀಲ್ ಸಿಗುವುದಿಲ್ಲ ಅನ್ನುವುದು ಇನ್ನೊಂದು ದೊಡ್ಡ ದೂರು. "ಅಂಬಾಸಿಡರ್ ಸೀಲ್ ಕೊಡಿ" ಅಂದರೆ ಸಿಗುವುದಿಲ್ಲ, ನಿಜ. ಅಳತೆ ಹೇಳಿ ಕೇಳಿ. ಬಹಳಷ್ಟು ಸೀಲ್‌ಗಳ ಮೇಲೆ ಮೂರು ಸಂಖ್ಯೆ ಅಚ್ಚಾಗಿರುತ್ತವೆ: ಒಳಗಿನ ಅಗಲ, ಹೊರಗಿನ ಅಗಲ, ದಪ್ಪ. 35-52-7 ಅಂತಿದ್ದರೆ ಶಾಫ್ಟ್ 35, ಗೂಡು 52, ದಪ್ಪ 7 ಮಿ.ಮೀ. ಸಂಖ್ಯೆ ಅಳಿಸಿದ್ದರೆ ವರ್ನಿಯರ್‌ನಿಂದ ಅಳೆಯಿರಿ. ಇಂಚಿನ ಸೀಲ್ ಆದರೆ ಹತ್ತಿರದ ಮಿ.ಮೀ. ಸೀಲ್ ತುರುಕಬೇಡಿ, ಇಂಚಿನದೇ ಹುಡುಕಿ. ಕಲಬುರಗಿ ತೊಗರಿ ನಾಡು, ಟ್ರ್ಯಾಕ್ಟರ್ ಸ್ಪೇರ್ ಅಂಗಡಿ, ಬೇರಿಂಗ್ ಅಂಗಡಿಗಳಿಗೆ ಬರವಿಲ್ಲ. ಕಾರಿನ ಅಂಗಡಿ ಬಿಟ್ಟು ಅಲ್ಲಿ ಕೇಳಿ. ಅಲ್ಲೂ ಆಗದಿದ್ದರೆ ಸೊಲ್ಲಾಪುರ ಇಲ್ಲವೇ ಹೈದರಾಬಾದ್. ಮಾಮೂಲು ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿವರೆಗೆ ಚೆನ್ನಾಗಿ ಬಾಳುತ್ತದೆ. ವೈಟಾನ್ ರಬ್ಬರ್ 200ರ ಹತ್ತಿರ ತಡೆಯುತ್ತದೆ, ಬೆಲೆ ಜಾಸ್ತಿ. ಗೇರ್ ಬಾಕ್ಸ್‌ಗೆ ನೈಟ್ರೈಲ್ ಸಾಕು ಅನ್ನುವುದು ನನ್ನ ಅಭಿಪ್ರಾಯ, ಆದರೆ ತಾಜಾ ಇರಬೇಕು. ಅಂಗಡಿಯ ಅಟ್ಟದಲ್ಲಿ ಇಪ್ಪತ್ತು ವರ್ಷ ಕೂತ "ಒರಿಜಿನಲ್" ಸೀಲ್ ಉಗುರಿನಿಂದ ಒತ್ತಿ ನೋಡಿ. ಪ್ಲಾಸ್ಟಿಕ್ ಹಾಗೆ ಗಟ್ಟಿ ಇದ್ದರೆ ಬೇಡ.

ಈಗ ಶಾಫ್ಟ್ ಮೇಲೆ ಸೀಲ್ ಉಜ್ಜುವ ಜಾಗ ನೋಡಿ. ಉಗುರು ಎಳೆದಾಗ ಸಿಕ್ಕಿಕೊಳ್ಳುವಷ್ಟು ಕಾಲುವೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಮೂರು ದಾರಿಗಳಿವೆ. ಗೂಡಿನಲ್ಲಿ ಜಾಗವಿದ್ದರೆ ಸೀಲನ್ನು ಒಂದೆರಡು ಮಿ.ಮೀ. ಆಚೀಚೆ ಕೂರಿಸಿ, ತುಟಿ ಹೊಸ ಜಾಗದಲ್ಲಿ ಉಜ್ಜುವ ಹಾಗೆ ಮಾಡಬಹುದು. ತೆಳು ಉಕ್ಕಿನ ಸ್ಲೀವ್, ಅಂದರೆ ಬಳೆ, ತರಿಸಿ ಮೇಲೆ ಹೊದಿಸಬಹುದು. ಇಲ್ಲವೇ ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡಿಂಗ್ ಮಾಡಿಸಬಹುದು. ಮೊದಲನೆಯದಕ್ಕೆ ಕಾಸು ಬೇಡ, ಅದನ್ನೇ ಮೊದಲು ನೋಡಿ.

ಕೂರಿಸುವಾಗ ಸ್ಪ್ರಿಂಗ್ ಇರುವ ಬದಿ ಎಣ್ಣೆ ಕಡೆಗೆ, ಅಂದರೆ ಪೆಟ್ಟಿಗೆ ಒಳಕ್ಕೆ. ತುಟಿಗೆ ಗ್ರೀಸ್ ಸವರಿ. ಒಣ ಸೀಲ್ ಮೊದಲ ಎರಡು ಕಿಲೋಮೀಟರಿನಲ್ಲೇ ಸುಟ್ಟುಹೋಗುತ್ತದೆ. ಶಾಫ್ಟ್‌ನ ಹಲ್ಲು ತುಟಿ ಹರಿಯದ ಹಾಗೆ ಹಲ್ಲಿನ ಮೇಲೆ ಟೇಪ್ ಸುತ್ತಿ. ಸೀಲ್‌ನ ಹೊರಗಿನ ಅಂಚಿನಷ್ಟೇ ಅಗಲದ ಪೈಪ್ ತುಂಡು ಇಟ್ಟು ಮೆಲ್ಲಗೆ ತಟ್ಟಿ. ನೇರವಾಗಿ ಹೋಗಬೇಕು. ಒಂದು ಕಡೆ ವಾರೆಯಾದರೆ ತೆಗೆದು ಮತ್ತೆ ಶುರು ಮಾಡಿ.

ಹಂತ 7: ಮುಂದಿನ ಕಡೆ, ಯೋಚಿಸಿ ಕೈ ಹಾಕಿ

ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವಿನ ಗಂಟೆಯಾಕಾರದ ಭಾಗಕ್ಕೆ ಬೆಲ್ ಹೌಸಿಂಗ್ ಅನ್ನುತ್ತಾರೆ. ಅದರ ತಳದಲ್ಲಿ ಸಣ್ಣ ತೂತು, ಅದರಲ್ಲಿ ನೇತಾಡುವ ಒಂದು ಸ್ಪ್ಲಿಟ್ ಪಿನ್ ಇರುತ್ತದೆ. ಪಿನ್ ಅಲುಗಾಡುತ್ತಾ ತೂತು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಅಲ್ಲಿಂದ ಹನಿ ಬೀಳುತ್ತಿದೆ ಅಂತ ತೂತಿಗೆ ಬೋಲ್ಟ್ ಹಾಕಿ ಮುಚ್ಚಿದವರಿದ್ದಾರೆ. ಎಣ್ಣೆ ಒಳಗೇ ನಿಂತು ಕ್ಲಚ್ ಪ್ಲೇಟ್ ನೆನೆದು ಹೋಗುತ್ತದೆ. ಆ ತೂತು ತೆರೆದಿರಲಿ.

ಇಲ್ಲಿ ಬೀಳುವ ಎಣ್ಣೆ ಕಪ್ಪಗಿದ್ದರೆ ಅದು ಎಂಜಿನ್‌ನದು. ಹಳೆ 1489 ಸಿಸಿ ಎಂಜಿನ್‌ನ ಹಿಂದಿನ ತುದಿಯಲ್ಲಿ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕ್ ಶಾಫ್ಟ್ ಮೇಲೆ ಸ್ಕ್ರೂ ಮರೆಯ ಹಾಗೆ ಸುರುಳಿ ಕೊರೆದಿದ್ದಾರೆ. ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ, ನಿಂತಾಗ ತಳ್ಳುವವರು ಯಾರೂ ಇಲ್ಲ. ಹಾಗಾಗಿ ರಾತ್ರಿಗೆ ಒಂದೆರಡು ಹನಿ ಈ ಗಾಡಿಯ ಜಾಯಮಾನ. ಅದಕ್ಕಾಗಿ ಗೇರ್ ಬಾಕ್ಸ್ ಇಳಿಸಬೇಡಿ. ಹನಿ ಜಾಸ್ತಿಯಾಗಿದ್ದರೆ ಎಂಜಿನ್ ಬ್ರೀದರ್ ಪೈಪ್ ಕಟ್ಟಿದೆಯೇ, ಪಿಸ್ಟನ್ ರಿಂಗ್ ಸವೆದು ಒತ್ತಡ ಏರಿದೆಯೇ ನೋಡಿ.

ಘಾಟಿನ ಗೇರ್ ಎಣ್ಣೆಯೇ ಬೀಳುತ್ತಿದ್ದು, ಕ್ಲಚ್ ಜಾರುತ್ತಿದ್ದರೆ ಪೆಟ್ಟಿಗೆ ಇಳಿಸಲೇಬೇಕು. ಒಬ್ಬರೇ ಮಾಡುವ ಕೆಲಸ ಅಲ್ಲ. ನಂಬಿಕೆಯ ಮಿಸ್ತ್ರಿಗೆ ಕೊಡಿ, ಪಕ್ಕದಲ್ಲಿ ನಿಂತು ಮೂರು ವಿಷಯ ನೋಡಿಕೊಳ್ಳಿ. ಪೆಟ್ಟಿಗೆಯ ಭಾರ ಕ್ಲಚ್ ಪ್ಲೇಟ್ ಮೇಲೆ ನೇತಾಡಬಾರದು, ಪ್ಲೇಟ್ ನಡುವಿನ ಹಬ್ ಬಾಗುತ್ತದೆ. ಮುಂದಿನ ಮುಚ್ಚಳದ ಪ್ಯಾಕಿಂಗ್ ಹಳೆಯದರಷ್ಟೇ ದಪ್ಪ ಇರಬೇಕು. ಬೇರಿಂಗ್ ಎಷ್ಟು ಬಿಗಿಯಾಗಿ ಕೂರಬೇಕು ಅನ್ನುವುದು ಅದರ ಮೇಲಿದೆ. ಬಿಚ್ಚಿದ್ದೇ ಬಿಚ್ಚಿದ್ದು, ಕ್ಲಚ್ ಪ್ಲೇಟ್, ಕಾರ್ಬನ್ ರಿಲೀಸ್ ಬೇರಿಂಗ್, ಪೈಲಟ್ ಬುಷ್ ಕೂಡ ನೋಡಿ ಬದಲಿಸಿ. ಕೂಲಿ ಒಂದೇ.

ಹಂತ 8: ಹೊಸ ಎಣ್ಣೆ

ದಪ್ಪ ಎಷ್ಟಿರಬೇಕು ಅನ್ನುವುದಕ್ಕೆ ನಿಮ್ಮ ಗಾಡಿಯ ಪುಸ್ತಕವೇ ಪ್ರಮಾಣ. ಗೇರ್ ಎಣ್ಣೆಯೇ ಹಾಕುವುದಾದರೆ ಡಬ್ಬಿ ಮೇಲೆ ಜಿಎಲ್-4 ಅನ್ನುವ ದರ್ಜೆ ಬರೆದಿರಲಿ. ಜಿಎಲ್-5 ಸಂಖ್ಯೆ ದೊಡ್ಡದು, ಹಾಗಾಗಿ ಇನ್ನೂ ಒಳ್ಳೆಯದು ಅಂತ ಅಂಗಡಿಯವರು ಕೊಟ್ಟುಬಿಡುತ್ತಾರೆ. ಅದರಲ್ಲಿ ಗಂಧಕ, ರಂಜಕದ ಮಸಾಲೆ ಜಾಸ್ತಿ. ಹಿಂದಿನ ಹೌಸಿಂಗ್‌ನ ಹಲ್ಲುಗಳಿಗೆ ಅದು ಬೇಕು, ಆದರೆ ಹಳೆ ಗೇರ್ ಬಾಕ್ಸ್‌ನ ಹಿತ್ತಾಳೆ ಬಳೆಗಳನ್ನು ಅದು ತಿನ್ನಬಹುದು. ಎರಡಕ್ಕೂ ಒಂದೇ ಡಬ್ಬಿ ತರಬೇಡಿ.

ಸೋರಿಕೆ ನಿಲ್ಲಲಿ ಅಂತ ಇನ್ನೂ ದಪ್ಪ ಎಣ್ಣೆ, ಎಣ್ಣೆಗೆ ಗ್ರೀಸ್ ಬೆರೆಸುವುದು, ಇವೆಲ್ಲ ಬೇಡ. ಚಳಿಗಾಲದ ಬೆಳಿಗ್ಗೆ ಗೇರ್ ಬೀಳುವುದಿಲ್ಲ, ಗ್ರೀಸ್ ಒಂದು ಕಡೆ ಕೂತು ಬೇರಿಂಗ್ ಒಣಗುತ್ತದೆ. ರಬ್ಬರ್ ಉಬ್ಬಿಸಿ ಸೋರಿಕೆ ನಿಲ್ಲಿಸುವ ಬಾಟಲಿ ಔಷಧಿಗಳೂ ಇವೆ. ಒಣಗಿದ ಸೀಲ್‌ಗೆ ಕೆಲವು ದಿನ ಗುಣ ಕಂಡೀತು, ಹರಿದ ಸೀಲ್‌ಗೆ ಏನೂ ಮಾಡುವುದಿಲ್ಲ.

ಸಮ ನೆಲದಲ್ಲಿ, ಪೈಪ್ ಹಚ್ಚಿದ ಆಲಿಕೆಯಿಂದ ನಿಧಾನ ಹಾಕಿ. ಪಕ್ಕದ ತೂತಿನಿಂದ ಸಣ್ಣಗೆ ಹರಿಯಲು ಶುರುವಾದಾಗ ನಿಲ್ಲಿಸಿ, ಹರಿಯುವುದು ನಿಂತ ಮೇಲೆ ಪ್ಲಗ್ ಹಾಕಿ. ತೆಗೆದಷ್ಟೇ ಹಾಕಬೇಕು ಅಂತಿಲ್ಲ, ತೆಗೆದದ್ದು ಕಮ್ಮಿ ಇದ್ದಿರಬಹುದು, ಅಲ್ವಾ? ಹಳೆ ಎಣ್ಣೆ ಚರಂಡಿಗೆ, ಹೊಲಕ್ಕೆ ಸುರಿಯಬೇಡಿ. ಕ್ಯಾನ್‌ಗೆ ತುಂಬಿ, ಸುಟ್ಟ ಎಣ್ಣೆ ಕೂಡಿಟ್ಟು ಮರುಬಳಕೆಗೆ ಕೊಡುವ ಗ್ಯಾರೇಜಿಗೆ ಮುಟ್ಟಿಸಿ.

ಹಂತ 9: ಮತ್ತೆ ರಟ್ಟು

ಪೆಟ್ಟಿಗೆ ಒರೆಸಿ ಪೌಡರ್ ಹಾಕಿ, ಮತ್ತೆ ರಿಂಗ್ ರೋಡ್ ಒಂದು ಸುತ್ತು. ರಾತ್ರಿ ಕೆಳಗೆ ಹೊಸ ರಟ್ಟು. ಮೊದಲ ಎರಡು ದಿನ ಸಂದಿಯಲ್ಲಿ ಉಳಿದ ಹಳೆ ಎಣ್ಣೆ ತೊಟ್ಟಿಕ್ಕಬಹುದು, ಗಾಬರಿಯಾಗಬೇಡಿ, ಒರೆಸಿ. 100 ಕಿ.ಮೀ. ಆದ ಮೇಲೆ ಮುಚ್ಚಳದ ಬೋಲ್ಟ್‌ಗಳನ್ನು ಒಮ್ಮೆ ಬಿಗಿಯಾಗಿವೆಯೇ ನೋಡಿ, ಮಟ್ಟ ನೋಡಿ. ಆಮೇಲೆ ತಿಂಗಳಿಗೊಮ್ಮೆ ಮಟ್ಟ, ಬೇಸಿಗೆ ಶುರುವಾಗುವ ಮುಂಚೆ ಒಮ್ಮೆ ಮತ್ತು ಮಳೆಗಾಲ ಮುಗಿದು ಎರೆ ಮಣ್ಣು ಒಣಗಿದ ಮೇಲೆ ಒಮ್ಮೆ ಬ್ರೀದರ್. ಫರಸಿ ಮೇಲಿನ ಹಳೆ ಕಲೆಗೆ ಸುಣ್ಣದ ಪುಡಿ ಹಾಕಿ ಒಂದು ರಾತ್ರಿ ಬಿಟ್ಟು ಗುಡಿಸಿ. ಪೂರ್ತಿ ಹೋಗುವುದಿಲ್ಲ, ಆದರೆ ಹೊಸ ಹನಿ ಬಿದ್ದರೆ ಗೊತ್ತಾಗುವಷ್ಟು ತಿಳಿಯಾಗುತ್ತದೆ.